ಹಾಸನ, ಚಿಕ್ಕಮಗಳೂರಿನಿಂದ ನೆರೆಯ ದೇಶಗಳಿಗೆ: ಮೊದಲು ದಾಖಲೆ, ಆಮೇಲೆ ದಾರಿ, ಕೊನೆಗೆ ಟಿಕೆಟ್

ಹಾಸನ, ಚಿಕ್ಕಮಗಳೂರು ಕಡೆಯಿಂದ ನೇಪಾಳಕ್ಕೋ ಭೂತಾನಿಗೋ ಶ್ರೀಲಂಕಾಕ್ಕೋ ಹೋಗಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಅಗ್ಗದ ವಿಮಾನದ ಟಿಕೆಟನ್ನು. ಟಿಕೆಟ್ ಕೈಗೆ ಬಂದ ಮೇಲೆ ವೀಸಾ ಬೇಕೋ ಬೇಡವೋ ಎಂದು ವಿಚಾರಿಸುತ್ತಾರೆ. ಹೊರಡುವ ವಾರದಲ್ಲಿ ಮನೆಯವರ ಗುರುತಿನ ಚೀಟಿಗಳನ್ನು ಬೀರುವಿನಿಂದ ಹೊರಗೆ ತೆಗೆಯುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ನೆರೆಯ ದೇಶಗಳ ಪ್ರವಾಸದಲ್ಲಿ ದೂರ ಕಡಿಮೆ, ಖರ್ಚು ಕಡಿಮೆ, ವೀಸಾದ ಗೋಜೂ ಕಡಿಮೆ. ಆದರೆ ಒಂದೊಂದು ದೇಶವೂ ಒಂದೊಂದು ಬಗೆಯ ದಾಖಲೆ ಕೇಳುವುದರಿಂದ ಯೋಜನೆ ಕೆಡುವುದಿದ್ದರೆ ಬಹುಮಟ್ಟಿಗೆ ಅಲ್ಲೇ ಕೆಡುತ್ತದೆ. ಆದ್ದರಿಂದ ಮೊದಲು ದಾಖಲೆ, ನಂತರ ಹೋಗುವ ತಿಂಗಳು, ಅದಾದ ಮೇಲೆ ಗಡಿ ದಾಟುವ ಜಾಗ, ಕಟ್ಟಕಡೆಗೆ ಟಿಕೆಟ್ ಎಂದು ನನ್ನನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ಇಲ್ಲಿಯೂ ಅದೇ ಕ್ರಮದಲ್ಲಿ ವಿವರಿಸುತ್ತೇನೆ.

ಯಾವ ದೇಶಕ್ಕೆ ಯಾವ ದಾಖಲೆ

ನೇಪಾಳಕ್ಕೆ ಭಾರತೀಯ ಪ್ರಜೆಗಳಿಗೆ ವೀಸಾ ಬೇಡ. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದ ಕಾಲದಿಂದ ಎರಡೂ ದೇಶಗಳ ಜನ ಗಡಿ ದಾಟಿ ಓಡಾಡುತ್ತಲೇ ಇದ್ದಾರೆ. ವಿಮಾನದಲ್ಲಿ ಹೋಗುವವರು ಚಾಲ್ತಿಯಲ್ಲಿರುವ ಪಾಸ್‌ಪೋರ್ಟನ್ನು ಅಥವಾ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿಯನ್ನು ತೋರಿಸಬೇಕು. ಇಲ್ಲಿ ಬಹಳ ಜನ ಎಡವುವುದು ಆಧಾರ್ ಕಾರ್ಡಿನ ವಿಷಯದಲ್ಲಿ. ದೇಶದೊಳಗಿನ ವಿಮಾನಕ್ಕೆ ಆಧಾರ್ ಸಾಕಾಗುವುದರಿಂದ ನೇಪಾಳಕ್ಕೂ ಸಾಕೆಂದು ಭಾವಿಸುತ್ತಾರೆ. 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದ ಹಿರಿಯರಿಗೆ ಮಾತ್ರ ಆಧಾರ್, ಪ್ಯಾನ್, ಚಾಲನಾ ಪರವಾನಗಿಯಂಥ ಭಾವಚಿತ್ರವಿರುವ ದಾಖಲೆಗಳು ನಡೆಯುತ್ತವೆ. ನಡುವಿನ ವಯಸ್ಸಿನವರಿಗೆ ಆಧಾರ್ ಒಂದನ್ನೇ ನೆಚ್ಚಿಕೊಂಡು ಹೊರಡುವುದು ಬೇಡ. 15ರಿಂದ 18 ವರ್ಷದ ಮಕ್ಕಳಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರವನ್ನು ಒಪ್ಪುತ್ತಾರೆ. ಬೇಸಿಗೆ ರಜೆಯಲ್ಲಿ ಹೋಗುವವರು ಈ ಪತ್ರವನ್ನು ಶಾಲೆ ಮುಚ್ಚುವ ಮೊದಲೇ ಮಾಡಿಸಿಕೊಳ್ಳಬೇಕು, ಏಕೆಂದರೆ ಏಪ್ರಿಲ್ ಕೊನೆಯಲ್ಲಿ ಸಹಿ ಮಾಡುವವರು ಊರಿನಲ್ಲಿರುವುದಿಲ್ಲ.

ಭೂತಾನಿಗೂ ನಮಗೆ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿ ಬೇಕು. ಕನಿಷ್ಠ 6 ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯ ಮೇಲೆ ಅದನ್ನು ಕೊಡುತ್ತಾರೆ. ಆಧಾರ್ ಇಲ್ಲಿ ನಡೆಯುವುದಿಲ್ಲ. 18 ವರ್ಷದೊಳಗಿನವರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ ಬೇಕು, ಅದು ಇಂಗ್ಲಿಷಿನಲ್ಲಿರಬೇಕು. ಹಳೆಯ ಪ್ರಮಾಣಪತ್ರಗಳು ಕನ್ನಡದಲ್ಲಷ್ಟೇ ಇರುವುದುಂಟು. ಅಂಥವರು ನಗರಸಭೆ ಅಥವಾ ತಾಲ್ಲೂಕು ಕಚೇರಿಯಿಂದ ಹೊಸ ಪ್ರತಿ ಪಡೆಯಲು ಸಾಕಷ್ಟು ಸಮಯ ಇಟ್ಟುಕೊಳ್ಳಬೇಕು. ಇದರ ಜೊತೆಗೆ ಭೂತಾನ್ ಸರ್ಕಾರ ಸುಸ್ಥಿರ ಅಭಿವೃದ್ಧಿ ಶುಲ್ಕವೊಂದನ್ನು ವಸೂಲು ಮಾಡುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಗಡಿ ಮತ್ತೆ ತೆರೆದಾಗಿನಿಂದ ಭಾರತೀಯರಿಗೆ ಇದು ತಲೆಗೆ, ರಾತ್ರಿಗೆ 1,200 ರೂಪಾಯಿ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕೂ ಚಿಕ್ಕವರಿಗೆ ಇಲ್ಲ. ದೊಡ್ಡವರು ನಾಲ್ವರಿರುವ ಕುಟುಂಬ 6 ರಾತ್ರಿ ಉಳಿದರೆ ಈ ಶುಲ್ಕವೇ 28,800 ರೂಪಾಯಿ ಆಗುತ್ತದೆ. ಹೋಟೆಲು, ಗಾಡಿ, ಊಟ ಇದರ ಹೊರಗೆ. ಭೂತಾನ್ ದುಬಾರಿ ಎಂದು ದೂರುವವರಿದ್ದಾರೆ. ಕಾಡು, ಕಣಿವೆಗಳನ್ನು ಕಾಯ್ದುಕೊಳ್ಳಲು ಒಂದು ಸಣ್ಣ ದೇಶ ಹಾಕಿರುವ ಈ ಶುಲ್ಕ ನ್ಯಾಯವೆಂದೇ ನನ್ನ ಅಭಿಪ್ರಾಯ. ವಾರಾಂತ್ಯದ ದಿನಗಳಲ್ಲಿ ಮುಳ್ಳಯ್ಯನಗಿರಿಯ ದಾರಿಯಲ್ಲಿ ಸಾಲುಗಟ್ಟಿ ನಿಲ್ಲುವ ಕಾರುಗಳನ್ನು ನೋಡಿದ ನಮ್ಮ ಜಿಲ್ಲೆಯವರಿಗೆ ಅದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ರೀಲಂಕಾಕ್ಕೆ ಪಾಸ್‌ಪೋರ್ಟ್ ಕಡ್ಡಾಯ, ಹೊರಡುವ ಮೊದಲೇ ಆನ್‌ಲೈನಿನಲ್ಲಿ ಇಟಿಎ ಎಂಬ ಪ್ರವಾಸ ಅನುಮತಿಯನ್ನೂ ಪಡೆಯಬೇಕು. 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ಶುಲ್ಕವಿಲ್ಲದ ವೀಸಾ ಪ್ರಯೋಗವಾಗಿ ಆರಂಭವಾಯಿತು. ಅಲ್ಲಿಂದ ಈಚೆಗೆ ಶುಲ್ಕದ ನಿಯಮ ಹಲವು ಬಾರಿ ಬದಲಾಗಿದೆ. ಆದ್ದರಿಂದ ಹಿಂದಿನ ವರ್ಷ ಹೋಗಿಬಂದವರು ಹೇಳಿದ ಮೊತ್ತವನ್ನು ನಂಬಿಕೊಳ್ಳದೆ ಸರ್ಕಾರಿ ತಾಣದಲ್ಲಿ ಆ ದಿನದ ದರ ನೋಡಬೇಕು. ಸರ್ಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲು ಕಾಣಿಸುತ್ತವೆ ಮತ್ತು ಅದೇ ಅರ್ಜಿಗೆ ಹೆಚ್ಚು ಹಣ ಕೀಳುತ್ತವೆ. ಶ್ರೀಲಂಕಾದ ಅಧಿಕೃತ ವಿಳಾಸ 'ಗವ್ ಡಾಟ್ ಎಲ್‌ಕೆ' ಎಂದು, ಭೂತಾನಿನದು 'ಗವ್ ಡಾಟ್ ಬಿಟಿ' ಎಂದು ಮುಗಿಯುತ್ತದೆ. ಕಾರ್ಡಿನ ಸಂಖ್ಯೆ ತುಂಬುವ ಮೊದಲು ಆ ಕೊನೆಯ ಅಕ್ಷರಗಳನ್ನು ಓದಿಕೊಳ್ಳುವುದು ಅರ್ಧ ನಿಮಿಷದ ಕೆಲಸ.

ಮಾಲ್ದೀವ್ಸ್‌ಗೆ ಪಾಸ್‌ಪೋರ್ಟ್ ಇದ್ದರೆ ಮೊದಲೇ ವೀಸಾ ಬೇಕಿಲ್ಲ. ಹೊರಡುವ ಮುನ್ನ 96 ಗಂಟೆಗಳೊಳಗೆ ಇಮುಗಾ ಎಂಬ ಆನ್‌ಲೈನ್ ಘೋಷಣೆಯನ್ನು ತುಂಬಬೇಕು. ಬಾಂಗ್ಲಾದೇಶಕ್ಕೆ ಮೊದಲೇ ವೀಸಾ ಪಡೆಯಬೇಕು. ಕೋಲ್ಕತ್ತಾ–ಢಾಕಾ ನಡುವಿನ ಮೈತ್ರಿ ಎಕ್ಸ್‌ಪ್ರೆಸ್ ಸೇರಿದಂತೆ ಎರಡು ದೇಶಗಳ ನಡುವಿನ ಪ್ರಯಾಣಿಕ ರೈಲುಗಳು 2024ರ ಜುಲೈಯಲ್ಲಿ ನಿಂತವು. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ಮೊದಲ ವಿದೇಶ ಪ್ರವಾಸಕ್ಕೆ ನಾನು ಆ ದಾರಿಯನ್ನು ಸೂಚಿಸುವುದಿಲ್ಲ.

ಮನೆಯಲ್ಲಿ ಒಬ್ಬರ ಪಾಸ್‌ಪೋರ್ಟ್ ಬೇರೆ ದೇಶದ್ದಾದರೆ ಲೆಕ್ಕವೆಲ್ಲ ಬದಲಾಗುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು ರಜೆಗೆ ತೋಟದ ಮನೆಗೆ ಬಂದಾಗ ಅಜ್ಜ, ಅಜ್ಜಿ ಅವರನ್ನು ಕಾಠ್ಮಂಡುವಿಗೋ ಭೂತಾನಿನ ಪಾರೋಗೋ ಕರೆದೊಯ್ಯಲು ಬಯಸುವುದು ನಮ್ಮ ಕಡೆ ಸಾಮಾನ್ಯ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಗಡಿಯಲ್ಲಿ ಅವರು ವಿದೇಶಿಯರೇ. ನೇಪಾಳದಲ್ಲಿ ಇಳಿದ ಮೇಲೆ ಸಿಗುವ ಪ್ರವಾಸಿ ವೀಸಾಕ್ಕೆ 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50 ಡಾಲರ್. ಭೂತಾನಿನಲ್ಲಿ ಅವರಿಗೆ ಪ್ರತ್ಯೇಕ ವೀಸಾ ಬೇಕು, ಮತ್ತು ದೊಡ್ಡವರಿಗೆ ರಾತ್ರಿಯ ಶುಲ್ಕ 2023ರ ಸೆಪ್ಟೆಂಬರ್‌ನಿಂದ 100 ಡಾಲರ್. ಇದರ ಜೊತೆಗೆ ಅವರು ಭಾರತಕ್ಕೆ ಮರಳಿ ಬರಲು ಅನುಮತಿ ಇದೆಯೇ ಎಂಬುದನ್ನೂ ನೋಡಬೇಕು: ಒಂದೇ ಬಾರಿ ಪ್ರವೇಶಕ್ಕೆ ಅವಕಾಶವಿರುವ ಭಾರತದ ವೀಸಾದಲ್ಲಿ ಬಂದವರು ನೇಪಾಳಕ್ಕೆ ಹೋದರೆ ಹಿಂದಿರುಗಲು ಹೊಸ ವೀಸಾ ಬೇಕಾಗುತ್ತದೆ.

ಹೆಸರು ಮತ್ತು ಇನಿಷಿಯಲ್

ಹಳೇ ಮೈಸೂರು ಭಾಗದ ನಮಗೆ ಇರುವ ದೊಡ್ಡ ತೊಡಕು ಇನಿಷಿಯಲ್. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು: ಇದು ಶಾಲೆಯ ದಾಖಲಾತಿ ಪುಸ್ತಕದಿಂದ ಪಹಣಿಯವರೆಗೆ ನಮ್ಮನ್ನು ಗುರುತಿಸುವ ರೀತಿ. ಎಚ್.ಕೆ. ನಂಜೇಗೌಡ ಎಂಬುವರೊಬ್ಬರಿದ್ದಾರೆಂದು ಇಟ್ಟುಕೊಳ್ಳಿ. ಅವರ ಮತದಾರರ ಚೀಟಿಯಲ್ಲಿ ಹೆಸರು ಬರಿಯ ನಂಜೇಗೌಡ, ತಂದೆಯ ಹೆಸರು ಕೆಂಪೇಗೌಡ. ಆಧಾರ್‌ನಲ್ಲಿ ನಂಜೇಗೌಡ ಎಚ್ ಕೆ. ಬ್ಯಾಂಕಿನಲ್ಲಿ ಎಚ್ ಕೆ ನಂಜೇಗೌಡ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಹೆಸರು ನಂಜೇಗೌಡ, ಉಪನಾಮ ಹಳೇಬೀಡು ಕೆಂಪೇಗೌಡ. ನಾಲ್ಕೂ ಒಬ್ಬನೇ ಮನುಷ್ಯನವು. ಆದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕುಳಿತವರಿಗೆ ಟಿಕೆಟಿನ ಮೇಲಿನ ಅಕ್ಷರಗಳು ಮತ್ತು ಕೈಯಲ್ಲಿರುವ ದಾಖಲೆಯ ಅಕ್ಷರಗಳು ಹೊಂದುತ್ತವೆಯೇ ಎಂಬುದಷ್ಟೇ ಮುಖ್ಯ.

ಆದ್ದರಿಂದ ಯಾವ ದಾಖಲೆಯನ್ನು ತೋರಿಸಿ ಗಡಿ ದಾಟುತ್ತೀರೋ ಆ ದಾಖಲೆಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೇ ನೋಡಿ ಟಿಕೆಟಿನಲ್ಲಿ ಹೆಸರು ತುಂಬಬೇಕು. ಹೋಟೆಲಿಗೂ ಭೂತಾನಿನ ಪರವಾನಗಿಗೂ ಶ್ರೀಲಂಕಾದ ಇಟಿಎಗೂ ಅದೇ ಹೆಸರು ಇರಬೇಕು. ಉಪನಾಮದ ಜಾಗ ಖಾಲಿಯಿರುವ ಪಾಸ್‌ಪೋರ್ಟ್ ಇದ್ದರೆ ಟಿಕೆಟ್ ತಾಣ ಆ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಅಲ್ಲಿ ಏನು ತುಂಬಬೇಕೆಂಬುದರಲ್ಲಿ ಒಂದೊಂದು ವಿಮಾನ ಸಂಸ್ಥೆಯದು ಒಂದೊಂದು ರೀತಿ. ಅದನ್ನು ಆ ಸಂಸ್ಥೆಯ ಸಹಾಯವಾಣಿಯಲ್ಲಿ ಕೇಳಿ ಬರೆದುಕೊಂಡೇ ಮುಂದುವರಿಯಬೇಕು. ಹತ್ತಾರು ಜನರ ಗುಂಪಿಗೆ ಒಬ್ಬರೇ ಟಿಕೆಟ್ ಮಾಡಿಸುವಾಗ ಹೆಸರುಗಳನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳದೆ, ದಾಖಲೆಯ ಫೋಟೋವನ್ನೇ ತರಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಕರೆಯುವ ಹೆಸರು, ಮದುವೆಯ ನಂತರ ಬದಲಾದ ಹೆಸರು, 'ಗೌಡ'ದ ಬೇರೆಬೇರೆ ಕಾಗುಣಿತ ಎಲ್ಲವೂ ಹೀಗೆ ಮಾಡಿದಾಗಲೇ ಕಣ್ಣಿಗೆ ಬೀಳುತ್ತವೆ.

ಮತದಾರರ ಚೀಟಿಯನ್ನೇ ನಂಬಿ ಹೋಗುವವರು ಅದನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಬೇಕು. ಇಪ್ಪತ್ತು ವರ್ಷ ಹಳೆಯ ಕಪ್ಪು–ಬಿಳುಪು ಚೀಟಿಯಲ್ಲಿ ಮುಖ ಮಸುಕಾಗಿರುತ್ತದೆ, ಪ್ಲಾಸ್ಟಿಕ್ ಹೊದಿಕೆ ಅಂಚಿನಲ್ಲಿ ಬಿಟ್ಟುಕೊಂಡಿರುತ್ತದೆ, ಜನ್ಮದಿನಾಂಕದ ಬದಲು ವಯಸ್ಸಷ್ಟೇ ಇರುತ್ತದೆ. ಅಂಥದ್ದನ್ನು ಫಾರಂ 8ರ ಮೂಲಕ ತಿದ್ದಿಸಿ ಹೊಸ ಬಣ್ಣದ ಕಾರ್ಡ್ ಪಡೆಯಬಹುದು. ಆನ್‌ಲೈನಿನಲ್ಲೂ ಆಗುತ್ತದೆ, ನಿಮ್ಮ ಮತಗಟ್ಟೆಯ ಅಧಿಕಾರಿ, ಅಂದರೆ ಬಿಎಲ್‌ಒ ಮೂಲಕವೂ ಆಗುತ್ತದೆ. ಮೊಬೈಲಿನಲ್ಲಿರುವ ಚಿತ್ರ ಅಥವಾ ಜೆರಾಕ್ಸ್ ಪ್ರತಿ ಗಡಿಯಲ್ಲಿ ಕೆಲಸಕ್ಕೆ ಬರುವುದಿಲ್ಲ, ಮೂಲ ಕಾರ್ಡೇ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಒಂದೇ: ನೇಪಾಳ, ಭೂತಾನ್‌ಗಳಿಗೆ ಕಡ್ಡಾಯವಲ್ಲದಿದ್ದರೂ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ. ಹಾಸನದವರಿಗೆ ಊರಿನಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ದೊಡ್ಡವರಿಗೆ 36 ಪುಟದ, 10 ವರ್ಷ ಅವಧಿಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ತತ್ಕಾಲ್‌ಗೆ ಇನ್ನೂ 2,000 ಸೇರುತ್ತದೆ. ವಿಳಾಸದ ಕಡೆ ಗಮನವಿರಲಿ: ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಮೂಡಿಗೆರೆಯ ಮನೆಯ ವಿಳಾಸವನ್ನು ಹಾಲಿ ವಿಳಾಸವೆಂದು ಬರೆದರೆ, ಪೊಲೀಸ್ ಪರಿಶೀಲನೆಗೆ ಠಾಣೆಯಿಂದ ಬಂದಾಗ ನೀವು ಅಲ್ಲಿರುವುದಿಲ್ಲ, ವರದಿ ಅಲ್ಲಿಗೇ ನಿಲ್ಲುತ್ತದೆ. ಈಗಾಗಲೇ ಪಾಸ್‌ಪೋರ್ಟ್ ಇರುವವರು ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಮರುವಿತರಣೆಗೆ ಅರ್ಜಿ ಹಾಕಬಹುದು.

ಯಾವ ತಿಂಗಳು

ಪ್ರವಾಸಿ ಕೈಪಿಡಿಗಳು ನೇಪಾಳಕ್ಕೆ ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್–ಮೇ ಒಳ್ಳೆಯ ಕಾಲ ಎನ್ನುತ್ತವೆ, ಭೂತಾನಿಗೂ ಹೆಚ್ಚುಕಡಿಮೆ ಅದೇ. ಆದರೆ ನಮ್ಮ ಜಿಲ್ಲೆಗಳ ಕೆಲಸದ ಪಂಚಾಂಗ ಬೇರೆ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಶುರುವಾಗಿ, ರೊಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರುವರಿ ದಾಟುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಹಾಸನದ ಬಯಲಿನ ಕಡೆ ಮೇ–ಜೂನ್ ಆಲೂಗಡ್ಡೆ ಬಿತ್ತನೆಯ ಕಾಲ. ಇದೆಲ್ಲವನ್ನೂ ಕಳೆದರೆ ತೋಟದವರಿಗೆ ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗಿನ ಅವಧಿ ಮತ್ತು ಜುಲೈ–ಆಗಸ್ಟ್‌ನ ಜಡಿಮಳೆಯ ದಿನಗಳು.

ಅಕ್ಟೋಬರ್‌ಗೆ ನೇಪಾಳವೂ ಭೂತಾನೂ ಸರಿ. ಮಳೆ ತೊಳೆದ ಆಕಾಶದಲ್ಲಿ ಹಿಮಶಿಖರಗಳು ಸ್ಪಷ್ಟವಾಗಿ ಕಾಣುವ ಕಾಲವದು. ನಮ್ಮ ನವರಾತ್ರಿಯ ಹೊತ್ತಿಗೇ ನೇಪಾಳದಲ್ಲಿ ದಶೈಂ ಹಬ್ಬ. ಆ ದಿನಗಳಲ್ಲಿ ಕಾಠ್ಮಂಡುವಿನ ಜನ ಊರುಗಳಿಗೆ ಹೊರಡುವುದರಿಂದ ಬಸ್ಸಿನಲ್ಲಿ ಜಾಗ ಸಿಗುವುದು ಕಷ್ಟ, ಕಚೇರಿಗಳೂ ಹಲವು ಅಂಗಡಿಗಳೂ ಮುಚ್ಚಿರುತ್ತವೆ. ದಸರಾ ರಜೆಯಲ್ಲಿ ಮಕ್ಕಳೊಡನೆ ಹೋಗುವವರು ಬಸ್ಸು, ಕೋಣೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೇಸಿಗೆ ರಜೆಯೊಂದೇ ಸಾಧ್ಯವಿರುವ ಶಿಕ್ಷಕರು ಮತ್ತು ಪೋಷಕರು ಏಪ್ರಿಲ್‌ನಲ್ಲಿ ಹೋಗಬಹುದು, ಆದರೆ ಕಾಡ್ಗಿಚ್ಚಿನ ಹೊಗೆ ಮತ್ತು ದೂಳಿನಿಂದ ಆಗ ಶಿಖರಗಳು ಎಷ್ಟೋ ದಿನ ಮರೆಯಾಗಿರುತ್ತವೆ ಎಂಬುದು ತಿಳಿದಿರಲಿ.

ಜುಲೈ–ಆಗಸ್ಟ್‌ನಲ್ಲಿ ನೇಪಾಳದ ಬೆಟ್ಟದ ರಸ್ತೆಗಳು ಕುಸಿಯುತ್ತಿರುತ್ತವೆ, ಆಗ ಅತ್ತ ಹೋಗಬಾರದು. ಅದೇ ತಿಂಗಳುಗಳಲ್ಲಿ ಶ್ರೀಲಂಕಾದ ಉತ್ತರ ಮತ್ತು ಪೂರ್ವ ಭಾಗಗಳು ಒಣಗಿರುತ್ತವೆ. ನೈಋತ್ಯ ಮುಂಗಾರು ಕೊಲಂಬೊ ಕಡೆಯ ಕರಾವಳಿಗೆ ಸುರಿದು, ನಡುವಿನ ಬೆಟ್ಟಗಳನ್ನು ದಾಟುವ ಹೊತ್ತಿಗೆ ಬರಿದಾಗುತ್ತದೆ. ಪಶ್ಚಿಮಘಟ್ಟದ ಈಚೆಗೆ ಸಕಲೇಶಪುರಕ್ಕೂ ಅರಸೀಕೆರೆಗೂ ಇರುವ ವ್ಯತ್ಯಾಸದಂತೆಯೇ ಇದು. ಜಾಫ್ನಾದ ನಲ್ಲೂರು ಕಂದಸ್ವಾಮಿ ಜಾತ್ರೆ, ಕ್ಯಾಂಡಿಯ ಎಸಲ ಪೆರಹೆರ ಮೆರವಣಿಗೆ ನಡೆಯುವುದೂ ಈ ದಿನಗಳಲ್ಲೇ. ಮಲೆನಾಡಿನವರು ಶ್ರೀಲಂಕಾಕ್ಕೆ ಆಗಸ್ಟ್‌ನಲ್ಲಿ ಹೋಗಿ ತ್ರಿಕೋಣಮಲೆ, ಜಾಫ್ನಾಗಳನ್ನು ನೋಡಬೇಕು. ಗಾಲ್, ಕೊಲಂಬೊಗಳ ಸಮುದ್ರತೀರಕ್ಕೆ ಹೋಗುವುದಾದರೆ ಡಿಸೆಂಬರ್‌ನಿಂದ ಮಾರ್ಚ್ ಸೂಕ್ತ.

ದಾರಿಗಳು

ಊರಿನಿಂದ ಬೆಂಗಳೂರು ವಿಮಾನ ನಿಲ್ದಾಣದವರೆಗಿನ ಹಾದಿಯನ್ನೂ ಯೋಜನೆಯ ಭಾಗವಾಗಿ ನೋಡಬೇಕು. ಚಿಕ್ಕಮಗಳೂರು, ಕಡೂರು, ಅರಸೀಕೆರೆ ಕಡೆಯಿಂದ ತುಮಕೂರು ಮಾರ್ಗವಾಗಿ ಬರುವವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ವಾಹನದಟ್ಟಣೆ ತಪ್ಪುತ್ತದೆ. ಹಾಸನದಿಂದ ಕುಣಿಗಲ್ ಮೇಲೆ ಬರುವವರು ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ತಿರುಗಬಹುದು. ಮಂಗಳೂರು ವಿಮಾನ ನಿಲ್ದಾಣದ ವಿದೇಶಿ ವಿಮಾನಗಳು ಬಹುಮಟ್ಟಿಗೆ ಕೊಲ್ಲಿ ದೇಶಗಳಿಗೆ ಹೋಗುವುದರಿಂದ ಈ ಪ್ರವಾಸಗಳಿಗೆ ಅದು ಅಷ್ಟಾಗಿ ಒದಗುವುದಿಲ್ಲ. ಮಳೆಗಾಲದಲ್ಲಂತೂ ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ನಂಬಿಕೊಂಡು ವಿಮಾನ ಹಿಡಿಯಲು ಹೊರಡಬಾರದು.

ನೇಪಾಳಕ್ಕೆ ವಿಮಾನದಲ್ಲಾದರೆ ಬೆಂಗಳೂರಿನಿಂದ ನೇರವಾಗಿ ಹೋಗುವ ದಿನಗಳನ್ನು ಮೊದಲು ನೋಡಿ, ಇಲ್ಲದಿದ್ದರೆ ದೆಹಲಿಯಲ್ಲಿ ಬದಲಿಸಬೇಕು. ದೆಹಲಿಯಲ್ಲಿ ಎರಡು ಬೇರೆ ಟಿಕೆಟ್ ಮಾಡಿಸಿಕೊಂಡವರು ಲಗೇಜನ್ನು ತೆಗೆದುಕೊಂಡು ಮತ್ತೆ ಒಳಗೆ ಹೋಗಬೇಕಾಗುವುದರಿಂದ ಒಂದೇ ಟಿಕೆಟಿನಲ್ಲಿ ಪೂರ್ತಿ ಪ್ರಯಾಣವಿರುವುದು ಕ್ಷೇಮ. ರೈಲಿನಲ್ಲಾದರೆ ಯಾವ ಗಡಿ ಎಂಬುದು ನೀವು ನೋಡಬೇಕೆಂದಿರುವ ಸ್ಥಳವನ್ನು ಅವಲಂಬಿಸುತ್ತದೆ. ಲುಂಬಿನಿಗೆ ಹೋಗುವವರು ಯಶವಂತಪುರದಿಂದ ಗೋರಖಪುರದ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿಗೆ ಹೋಗಿ ಗಡಿ ದಾಟಿದರೆ ಲುಂಬಿನಿ ಹತ್ತಿರ. ಜನಕಪುರಕ್ಕೆ ಹೋಗುವವರಿಗೆ ಮೈಸೂರಿನಿಂದ ಬೆಂಗಳೂರಿನ ಮೇಲೆ ವಾರಕ್ಕೊಮ್ಮೆ ದರ್ಭಂಗಾಕ್ಕೆ ಹೋಗುವ ಬಾಗ್ಮತಿ ಎಕ್ಸ್‌ಪ್ರೆಸ್ ಅನುಕೂಲ. ದರ್ಭಂಗಾದಿಂದ ಜಯನಗರ, ಅಲ್ಲಿಂದ 2022ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾದ ನೇಪಾಳದ ರೈಲು. ಕಾಠ್ಮಂಡುವಿಗೆ ರಸ್ತೆಯಲ್ಲಿ ಹೋಗುವವರಿಗೆ ರಕ್ಸೌಲ್–ಬೀರ್‌ಗಂಜ್ ಹಳೆಯ ಹೆದ್ದಾರಿ. ಹಿರಿಯರಿದ್ದರೆ ನನ್ನ ಒಲವು ವಿಮಾನದ ಕಡೆಗೆ, ಏಕೆಂದರೆ ಎರಡು ದಿನ ರೈಲಿನಲ್ಲಿ ಕುಳಿತು ಬಂದವರನ್ನು ಗಡಿಯಿಂದ ಮುಂದಿನ ಬೆಟ್ಟದ ರಸ್ತೆ ಪೂರ್ತಿ ಬಸವಳಿಸುತ್ತದೆ.

ಪಶುಪತಿನಾಥ ದೇವಾಲಯದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು. ನಮ್ಮವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯಿದು. ನೇಪಾಳದ ಬೆಟ್ಟದ ಯಾತ್ರಾಸ್ಥಳವಾದ ಮುಕ್ತಿನಾಥಕ್ಕೂ ಹೋಗುವವರು ಎತ್ತರದ ಬಗ್ಗೆ ಯೋಚಿಸಲೇಬೇಕು. ಅದು 3,700 ಮೀಟರಿಗೂ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ರಾಜ್ಯದ ಅತಿ ಎತ್ತರದ ಶಿಖರದ ಹೆಚ್ಚುಕಡಿಮೆ ಎರಡರಷ್ಟು. ಪೋಖರಾದಿಂದ ಜೋಮ್‌ಸೋಮ್‌ಗೆ ಹಾರುವ ಚಿಕ್ಕ ವಿಮಾನಗಳು ಕಣಿವೆಯ ಗಾಳಿ ಏಳುವ ಮೊದಲು ಬೆಳಿಗ್ಗೆ ಮಾತ್ರ ಹೋಗುತ್ತವೆ, ಹವಾಮಾನ ಕೆಟ್ಟರೆ ಆ ದಿನದ ಹಾರಾಟ ರದ್ದಾಗುತ್ತದೆ. ಮುಕ್ತಿನಾಥದಿಂದ ಮರಳುವ ದಿನಕ್ಕೂ ಕಾಠ್ಮಂಡುವಿನಿಂದ ಊರಿಗೆ ಹೊರಡುವ ದಿನಕ್ಕೂ ನಡುವೆ ಕನಿಷ್ಠ ಎರಡು ಖಾಲಿ ದಿನಗಳನ್ನು ಇಟ್ಟುಕೊಳ್ಳಿ. ರಕ್ತದೊತ್ತಡ, ಹೃದಯ, ಉಬ್ಬಸದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅಷ್ಟು ಎತ್ತರಕ್ಕೆ ಹೋಗಬಾರದು. ತಲೆನೋವು, ವಾಂತಿ ಕಾಣಿಸಿಕೊಂಡರೆ ದರ್ಶನ ಬಾಕಿಯಿದ್ದರೂ ಕೆಳಗಿಳಿಯುವುದೇ ಮದ್ದು.

ಭೂತಾನಿಗೆ ಎರಡು ದಾರಿ. ವಿಮಾನವಾದರೆ ಕೋಲ್ಕತ್ತಾ ಅಥವಾ ದೆಹಲಿಯ ಮೂಲಕ ಪಾರೋ. ರಸ್ತೆಯಾದರೆ ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನದಲ್ಲಿ ಅಥವಾ ಗುವಾಹಟಿ ರೈಲಿನಲ್ಲಿ ನ್ಯೂ ಜಲ್ಪಾಯಿಗುರಿಗೆ ಹೋಗಿ, ಅಲ್ಲಿಂದ ಹಾಸಿಮಾರಾ, ಜೈಗಾಂವ್. ನ್ಯೂ ಜಲ್ಪಾಯಿಗುರಿಯಿಂದ ಹಾಸಿಮಾರಾಕ್ಕೆ ಹೋಗುವ ರೈಲುಹಾದಿ ಡುವಾರ್ಸ್‌ನ ಕಾಡು ಮತ್ತು ಚಹಾ ತೋಟಗಳ ನಡುವೆ ಸಾಗುತ್ತದೆ; ಹಗಲಿನ ರೈಲನ್ನೇ ಆರಿಸಿಕೊಳ್ಳಿ, ತೋಟದ ಕೆಲಸ ಬಲ್ಲವರಿಗೆ ಕಿಟಕಿಯಿಂದ ಕಣ್ಣು ತೆಗೆಯಲಾಗದು. ಜೈಗಾಂವ್‌ನ ಪಕ್ಕದಲ್ಲೇ, ಗಡಿಯಾಚೆ, ಭೂತಾನಿನ ಫುಂಟ್‌ಶೋಲಿಂಗ್. ಪರವಾನಗಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆದಿರಬೇಕು, ಹೋಟೆಲ್ ಕಾಯ್ದಿರಿಸಿದ ಪತ್ರವನ್ನು ಮುದ್ರಿಸಿ ಇಟ್ಟುಕೊಂಡಿರಬೇಕು, ಮತ್ತು ಶನಿವಾರ, ಭಾನುವಾರ ಹಾಗೂ ಭೂತಾನಿನ ಸರ್ಕಾರಿ ರಜೆಯ ದಿನ ಗಡಿಗೆ ಬಂದು ನಿಲ್ಲದಂತೆ ದಿನಾಂಕ ಹೊಂದಿಸಬೇಕು. ಥಿಂಫು, ಪಾರೋಗಳ ಆಚೆಗೆ ಪುನಾಖಾ ಮುಂತಾದ ಕಡೆ ಹೋಗುವುದಿದ್ದರೆ ಅದಕ್ಕೆ ಬೇರೆ ಅನುಮತಿ ಬೇಕೇ ಎಂಬುದನ್ನು ಪರವಾನಗಿ ಪಡೆಯುವಾಗಲೇ ಕೇಳಿ ಪೂರೈಸಿಕೊಳ್ಳಬೇಕು.

ಎರಡೂ ದೇಶಗಳನ್ನು ಒಂದೇ ಪ್ರವಾಸದಲ್ಲಿ ನೋಡುವವರು ಯಾವುದು ಮೊದಲು ಎಂದು ಕೇಳುತ್ತಾರೆ. ಭೂತಾನ್ ಮೊದಲು ಎನ್ನುತ್ತೇನೆ. ಅಲ್ಲಿ ರಾತ್ರಿಗಳ ಲೆಕ್ಕವೂ ಶುಲ್ಕವೂ ಮೊದಲೇ ನಿಗದಿಯಾಗಿರುತ್ತದೆ. ನೇಪಾಳದಲ್ಲಿ ಒಂದು ದಿನ ಹೆಚ್ಚುಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಮೊದಲು ನೇಪಾಳಕ್ಕೆ ಹೋಗಿ, ಅಲ್ಲಿ ರಸ್ತೆ ಕುಸಿದು ತಡವಾದರೆ, ಭೂತಾನಿಗೆ ಕಟ್ಟಿದ ಹಣಕ್ಕೂ ದಿನಕ್ಕೂ ಪೆಟ್ಟು ಬೀಳುತ್ತದೆ. ಆದ್ದರಿಂದ ಬಾಗ್‌ಡೋಗ್ರಾದಲ್ಲಿ ಇಳಿದು, ಫುಂಟ್‌ಶೋಲಿಂಗ್‌ನಿಂದ ಥಿಂಫು, ಪಾರೋ ನೋಡಿ, ಅದೇ ದಾರಿಯಲ್ಲಿ ಸಿಲಿಗುರಿಗೆ ಮರಳಿ, ಪಾನಿಟಂಕಿಯಲ್ಲಿ ಗಡಿ ದಾಟಬೇಕು. ಅಲ್ಲಿ ಮೇಚಿ ನದಿಯ ಸೇತುವೆಯೇ ಗಡಿ. ಸಿಲಿಗುರಿ ಕಡೆ ಟೋಟೋ ಎಂದು ಕರೆಯುವ ಬ್ಯಾಟರಿ ರಿಕ್ಷಾದಲ್ಲಿ ಕುಳಿತು, ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು, ಗೋಣಿಚೀಲ ಹೊತ್ತ ಸೈಕಲ್ಲುಗಳ ಪಕ್ಕದಲ್ಲೇ ಸೇತುವೆ ದಾಟಿದರೆ ಆಚೆ ದಡ ಕಾಕರ್‌ಭಿಟ್ಟಾ. ಅಲ್ಲಿಂದ ಕಾಠ್ಮಂಡುವಿಗೆ ರಾತ್ರಿ ಬಸ್ಸುಗಳಿವೆ. ಅದಕ್ಕಿಂತ ಹತ್ತಿರದ ಭದ್ರಪುರದಿಂದ ದೇಶೀಯ ವಿಮಾನ ಹಿಡಿಯುವುದು ಒಳ್ಳೆಯದು. ಊರಿಗೆ ಮರಳುವುದು ಕಾಠ್ಮಂಡುವಿನಿಂದ.

ಸ್ವಂತ ಗಾಡಿಯಲ್ಲಿ ನೇಪಾಳಕ್ಕೆ ಹೋಗುವವರು ಆರ್‌ಸಿ, ಚಾಲನಾ ಪರವಾನಗಿಗಳ ಮೂಲಪ್ರತಿ ಇಟ್ಟುಕೊಂಡು, ಗಡಿಯ ಭನ್ಸಾರ್ (ಸುಂಕ) ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ ಚೀಟಿ ಪಡೆಯಬೇಕು; ದಿನಗಳನ್ನು ತುಸು ಹೆಚ್ಚಿಗೇ ಬರೆಸಿ, ಅವಧಿ ಮೀರಿದರೆ ದಂಡ ತೆರಬೇಕಾಗುತ್ತದೆ. ನಿಮ್ಮ ಗಾಡಿಯ ವಿಮೆ ಗಡಿಯಾಚೆ ನಡೆಯುತ್ತದೆಯೇ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ.

ಶ್ರೀಲಂಕಾಕ್ಕೆ ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನಗಳಿವೆ. ಸಮುದ್ರದ ದಾರಿಯೂ ಒಂದಿದೆ: ನಾಗಪಟ್ಟಣದಿಂದ ಜಾಫ್ನಾದ ಬಳಿಯ ಕಾಂಕೇಸನ್‌ತುರೈಗೆ ಪ್ರಯಾಣಿಕರ ಹಡಗು 2023ರ ಅಕ್ಟೋಬರ್‌ನಲ್ಲಿ ಆರಂಭವಾಗಿ, ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಹೊರಟಿತು. ಸುಮಾರು ನಾಲ್ಕು ಗಂಟೆಯ ಪ್ರಯಾಣ. ಮೈಸೂರಿನಿಂದ ತಂಜಾವೂರು, ಮಯಿಲಾಡುತುರೈ ಕಡೆಗೆ ಹೋಗುವ ರೈಲು ಹಿಡಿದರೆ ಅಲ್ಲಿಂದ ನಾಗಪಟ್ಟಣ ದೂರವಿಲ್ಲ. ಆದರೆ ಹಿಂಗಾರಿನ ದಿನಗಳಲ್ಲಿ ಕಡಲು ಕೆರಳಿ ಹಡಗು ನಿಲ್ಲುತ್ತದೆ, ಆದ್ದರಿಂದ ಹೊರಡುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸಬೇಕು. ಆಗಸ್ಟ್‌ನಲ್ಲಿ ಹಡಗಿನಲ್ಲಿ ಜಾಫ್ನಾಕ್ಕೆ ಹೋಗಿ, ದಕ್ಷಿಣಕ್ಕೆ ಇಳಿಯುತ್ತ ಅನುರಾಧಪುರ, ಕ್ಯಾಂಡಿ ನೋಡಿಕೊಂಡು, ಕೊಲಂಬೊದಿಂದ ವಿಮಾನದಲ್ಲಿ ಬೆಂಗಳೂರಿಗೆ ಮರಳುವ ಕ್ರಮ ನನಗೆ ಬಹಳ ಹಿಡಿಸಿದೆ. ಹೋದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ.

ಕೈಲಾಸ–ಮಾನಸ ಸರೋವರದ ಯಾತ್ರೆ ಇವುಗಳಿಗಿಂತ ಬೇರೆ ಬಗೆಯದು. ಐದು ವರ್ಷ ನಿಂತಿದ್ದು 2025ರಲ್ಲಿ ಲಿಪುಲೇಖ್ ಮತ್ತು ನಾಥು ಲಾ ಮಾರ್ಗಗಳಲ್ಲಿ ಮತ್ತೆ ಆರಂಭವಾಗಿದೆ. ವಿದೇಶಾಂಗ ಸಚಿವಾಲಯಕ್ಕೆ ಅರ್ಜಿ ಹಾಕಬೇಕು, 18ರಿಂದ 70 ವರ್ಷದೊಳಗಿನವರನ್ನಷ್ಟೇ ಪರಿಗಣಿಸುತ್ತಾರೆ, ಆಯ್ಕೆಯಾದ ಮೇಲೆ ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆಯಾಗುತ್ತದೆ. ರಾಜ್ಯದ ಯಾತ್ರಿಗಳಿಗೆ ಮುಜರಾಯಿ ಇಲಾಖೆಯ ಸಹಾಯಧನವಿರುವುದರಿಂದ ಖರ್ಚಿನ ರಸೀದಿಗಳನ್ನು ಜೋಪಾನವಾಗಿಡಬೇಕು.

ಹಣ, ಫೋನು ಮತ್ತು ಗಡಿಯಾರ

ನೇಪಾಳ ಮತ್ತು ಭೂತಾನ್‌ಗಳಿಗೆ ಡಾಲರ್ ಕೊಳ್ಳುವ ಅಗತ್ಯವಿಲ್ಲ; ಆ ಎರಡು ದೇಶಗಳ ಪ್ರವಾಸಕ್ಕೆ ನಮ್ಮಲ್ಲಿ ವಿದೇಶಿ ವಿನಿಮಯ ಕೊಡುವುದೂ ಇಲ್ಲ. ಭೂತಾನಿನ ಒಂದು ಙುಲ್ಟ್ರಮ್ ನಮ್ಮ ಒಂದು ರೂಪಾಯಿಗೆ ಸಮ. ನೇಪಾಳದಲ್ಲಿ ನಮ್ಮ 100 ರೂಪಾಯಿಗೆ ಅಲ್ಲಿನ 160. 1993ರಿಂದ ಇದೇ ದರ. ಅಂಗಡಿಗಳಲ್ಲಿ ನಮ್ಮ ಹಣಕ್ಕೆ ಐಸಿ, ಅವರ ಹಣಕ್ಕೆ ಎನ್‌ಸಿ ಎನ್ನುತ್ತಾರೆ. ಟ್ಯಾಕ್ಸಿಯವರು 800 ಎಂದರೆ ಹತ್ತುವ ಮೊದಲೇ 'ಐಸಿಯೋ ಎನ್‌ಸಿಯೋ' ಎಂದು ಕೇಳಿ, ಏಕೆಂದರೆ ಎನ್‌ಸಿಯಾದರೆ ನಮ್ಮ ಲೆಕ್ಕದಲ್ಲಿ ಅದು 500 ಮಾತ್ರ. ದೊಡ್ಡ ಮುಖಬೆಲೆಯ ಭಾರತೀಯ ನೋಟುಗಳಿಗೆ ಅಲ್ಲಿ ಬಹುಕಾಲ ನಿರ್ಬಂಧವಿದ್ದುದರಿಂದ 100ರ ನೋಟುಗಳನ್ನೇ ಇಟ್ಟುಕೊಳ್ಳುವುದು ನಿಶ್ಚಿಂತೆಯ ದಾರಿ. ಊರಿನ ಬ್ಯಾಂಕಿನಲ್ಲಿ ಒಂದೆರಡು ಕಟ್ಟು ಮೊದಲೇ ಕೇಳಿಟ್ಟಿರಿ. ಯುಪಿಐ ಭೂತಾನಿನಲ್ಲಿ 2021ರಿಂದ, ನೇಪಾಳ ಮತ್ತು ಶ್ರೀಲಂಕಾಗಳಲ್ಲಿ 2024ರಿಂದ ಕೆಲವು ಅಂಗಡಿಗಳಲ್ಲಿ ನಡೆಯುತ್ತಿದೆ. ಆದರೆ ಅದಕ್ಕೆ ನಿಮ್ಮ ಆ್ಯಪಿನಲ್ಲಿ ವಿದೇಶಿ ಪಾವತಿಯನ್ನು ಸಕ್ರಿಯಗೊಳಿಸಬೇಕು, ಮತ್ತು ಬೆಟ್ಟದ ಹಳ್ಳಿಗಳಲ್ಲಿ ನಗದೇ ಬೇಕು.

ಫೋನಿನ ವಿಷಯದಲ್ಲಿ ಒಂದು ಮಾತು. ಅಲ್ಲಿನ ಸಿಮ್ ಕೊಂಡರೂ ನಿಮ್ಮ ಭಾರತದ ಸಂಖ್ಯೆಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡಿರಿ. ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೆ. ಸಮಯದ ವ್ಯತ್ಯಾಸವೂ ಸಣ್ಣದೆಂದು ಮರೆಯಬಾರದು: ನೇಪಾಳದ ಗಡಿಯಾರ ನಮಗಿಂತ 15 ನಿಮಿಷ, ಭೂತಾನಿನದು 30 ನಿಮಿಷ ಮುಂದೆ, ಮಾಲ್ದೀವ್ಸ್ 30 ನಿಮಿಷ ಹಿಂದೆ, ಶ್ರೀಲಂಕಾ ನಮ್ಮಷ್ಟೇ. ಟಿಕೆಟಿನ ಮೇಲಿರುವುದು ಆಯಾ ಊರಿನ ಸಮಯ. ಕೈಗಡಿಯಾರವನ್ನು ತಿದ್ದಿಕೊಳ್ಳದವರು ಮರಳುವ ದಿನ ತಡವಾಗಿ ಹೊರಡುತ್ತಾರೆ.

ದಾಖಲೆ ಕಳೆದುಹೋದರೆ ಏನು ಮಾಡಬೇಕೆಂಬುದನ್ನು ಹೊರಡುವ ಮೊದಲೇ ಮನೆಯವರೆಲ್ಲ ತಿಳಿದಿರಬೇಕು. ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆದು, ಕಾಠ್ಮಂಡು, ಥಿಂಫು ಅಥವಾ ಕೊಲಂಬೊದಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋದರೆ ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಕಳೆದ ದಾಖಲೆಯ ಪ್ರತಿ ಮತ್ತು ಭಾವಚಿತ್ರ ಬೇಕಾಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ದಾಖಲೆಯ ಎರಡು ಜೆರಾಕ್ಸ್, ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ವೈದ್ಯರ ಚೀಟಿಯನ್ನು ಮೂಲ ದಾಖಲೆಗಳಿಲ್ಲದ ಬೇರೆ ಚೀಲದಲ್ಲಿಟ್ಟು, ಇನ್ನೊಂದು ಪೂರ್ತಿ ಕಟ್ಟನ್ನು ಊರಿನಲ್ಲಿ ಉಳಿಯುವವರ ಕೈಗೆ ಕೊಟ್ಟು ಹೊರಡಿ.